ಬೆಂಕಿ ಬರ್ತದಂತ

ಎಪ್ಪತ್ತೆಂಟರ ಮಿರಗದ ಮಳೆ ಅಂದು ಬೆಳಿಗ್ಗೆ ಬಾಗಲಕೋಟೆಯ ಮೇಲೆ ಹಿಟ್ಟು ಜರಡಿ ಹಿಡಿದಂತೆ ಸಣ್ಣಗೆ ಉದುರುತ್ತಿತ್ತು. ಚರ್ಚಿನ ಗಂಟೆ ಬಾರಿಸುವ ಸಮಾಧಾನಪ್ಪ ಮಸಿ ಹಿಡಿದ ಹಿತ್ತಾಳೆ ಕೊಳಗವನ್ನು ತಲೆಗೆ ಬೋರಲು ಹಾಕಿಕೊಂಡು ಓಣಿಗಿಳಿದ. ಇದ್ದೊಂದು ಛತ್ರಿಯನ್ನು ಪಾದ್ರಿಗಳು ಮೂರು ಮಳೆಗಾಲದ ಹಿಂದೆ ಒಯ್ದಿದ್ದರು. ದೇವರ ಮನುಷ್ಯರನ್ನು ಛತ್ರಿ ಕೇಳುವುದು ಹೇಗೆ?

ಈ ಗಡಿಬಿಡಿಗೆ ಕಾರಣವೂ ಅದೇ ಪಾದ್ರಿಗಳು ನಿನ್ನೆ ಚರ್ಚಿನಲ್ಲಿ ಮಾಡಿದ ಪ್ರಸಂಗ. "ಕಡೇ ನ್ಯಾಯತೀರ್ಪಿನ ದಿನ ದೇವರ ಬೆಂಕಿ ಬರ್ತದ. ಯಾರ್ಯಾರು ಏನೇನು ಮುಚ್ಚಿಟ್ಟಾರ, ಎಲ್ಲಾ ಬಯಲಿಗೆ ಬೀಳ್ತದ" ಎಂದಿದ್ದರು. ಮಗಳ ಮದುವೆಗೆಂದು ಅದೇ ಓಣಿಯ ಕಾಸಿಂಬಿಯಿಂದ ಎರವಲು ತಂದ ಕೊಳಗ ಏಳು ವರ್ಷದಿಂದ ಸಮಾಧಾನಪ್ಪನ ಒಲೆಯ ಮೇಲೇ ಇತ್ತು. ಬೆಂಕಿಗಿಂತ ಮೊದಲು ಅದು ಕಾಸಿಂಬಿಯ ಮನೆ ಸೇರಬೇಕು. ಆದರೆ ಈ ಮಸಿಮುಖದಲ್ಲಿ ಒಯ್ಯುವುದುಂಟೆ? ಮೊದಲು ಮಸಿ ತೆಗೆಸಿ ಕಲಾಯಿ ಹಾಕಿಸಬೇಕು.

"ಯಾಕ್ರಿ ಅಣ್ಣಾರ, ಟೊಪಗಿ ಭಾಳ ದೊಡ್ಡದಾತಲ್ಲ?" ಎದುರುಮನೆ ಸಿದ್ದವ್ವ ಕೇಳಿದಳು.

"ಬೆಂಕಿ ಬರ್ತದಂತವಾ!" ಎಂದವನು ನಿಲ್ಲದೆ ನಡೆದ.

ಸಿದ್ದವ್ವನ ಬಾಯಿಂದ ಆಚೆ ಮನೆ ತಲುಪುವಷ್ಟರಲ್ಲಿ 'ಬರ್ತದಂತ' ಹೋಗಿ 'ಬಿತ್ತಂತ' ಆಯಿತು. ಅತ್ತ ಕಲಾಯಿಯ ಮಲೀಕಸಾಬ ತನ್ನ ತಗಡಿನ ಚಪ್ಪರದಲ್ಲಿ ಸಮಾಧಾನಪ್ಪನ ಕೊಳಗಕ್ಕೆಂದು ತಿದಿಯೊತ್ತಿ ಕೆಂಡ ಕೆಂಪಗೆ ಮಾಡಿದ್ದೇ ತಡ, ಓಣಿಗೆ ಓಣಿಯೇ ತುಂಬಿದ ಕೊಡ ಹಿಡಿದು ನುಗ್ಗಿ ಬಂತು. ಬುಸ್ಸೆಂದು ಹೊಗೆಯೆದ್ದಿತು. ಕೆಂಡ ಆರಿತು. ಸಮಾಧಾನಪ್ಪ ತೊಯ್ದ ಕೋಳಿಯಂತೆ ನಿಂತಿದ್ದ.

"ಕಡೇ ದಿನಾನೂ ಹಿಂಗ ಕೊಡಾ ತರಾವ್ರೇನು ನೀವು?" ಮಲೀಕಸಾಬ ಗೊಣಗುತ್ತ ಮತ್ತೆ ಕಿಡಿ ಹೊತ್ತಿಸಿದ.

ಗುಂಪಿನಲ್ಲಿ ಕಾಸಿಂಬಿಯೂ ಇದ್ದಳು. ಸಮಾಧಾನಪ್ಪ ತಲೆ ತಗ್ಗಿಸಿದ. "ತಪ್ಪಾತು ತಂಗಿ. ಇದು ನಿನ್ನ ಕೊಳಗ. ಸುಟ್ಟು ಬೂದಿ ಆಗೂಕಿಂತ ಮದ್ಲ ಕೊಟ್ಟುಬಿಡ್ತೇನಿ."

"ಬೆಂಕಿ ಕೊಳಗಾ ಸುಡೂದಿಲ್ಲೋ ಮಾರಾಯಾ" ಎಂದ ಮಲೀಕಸಾಬ. "ಹೊಲಸು ಸುಡ್ತದ. ಕೊಳಗ ಉಳೀತದ. ನೋಡಿಲ್ಲೆ."

ಕಾಯಿಸಿ ತಿಕ್ಕುತ್ತ ಹೋದ ಹಾಗೆ ಮಸಿ ಕಳಚಿತು. ಕಂಠದ ಮೇಲೆ ಕೊರೆದ ಅಕ್ಷರಗಳು ಮಿನುಗಿದವು: ಸುಂದರವ್ವ. ಪಾದ್ರಿಗಳ ಹೆಂಡತಿಯ ಹೆಸರು!

ಎಲ್ಲರೂ ಕಾಸಿಂಬಿಯತ್ತ ತಿರುಗಿದರು. ಆಕೆ ಸೆರಗನ್ನು ಬಾಯಿಗೊತ್ತಿಕೊಂಡಳು. "ಯಾ ಅಲ್ಲಾ! ತಮ್ಮನ ಲಗ್ನಕ್ಕ ಅವರ ಮನಿಯಿಂದ ತಂದಿದ್ನಿ... ನೀವ ಕೊಟ್ಟು ಬರ್ರಿ ಅಣ್ಣಾ, ನನಗ ಮಾರಿ ತೋರ್ಸಾಕ ನಾಚಿಕಿ."

ಪಾದ್ರಿಗಳ ಬಾಗಿಲಲ್ಲಿ ಕೊಳಗ ಕನ್ನಡಿಯಂತೆ ಹೊಳೆಯಿತು. ಅದರಲ್ಲಿ ತಮ್ಮ ಮುಖವನ್ನೇ ಕಂಡ ಪಾದ್ರಿಗಳು ಒಳಗೆ ಹೋಗಿ ಛತ್ರಿ ತಂದರು. "ನಿನ್ನಿನ ಪ್ರಸಂಗ ನನಗೂ ಇತ್ತು, ಸಮಾಧಾನಪ್ಪ."

ಅವನ ಎದೆ ಹತ್ತಿಯಷ್ಟು ಹಗುರಾಯಿತು. ಇನ್ನು ಬೆಂಕಿ ಬಂದರೂ ಬರಲಿ! ಅಷ್ಟರಲ್ಲಿ ಮಳೆ ಜೋರಾಗಿತ್ತು. ಅಂಗಳಕ್ಕಿಳಿದು, ಠೀವಿಯಿಂದ ಛತ್ರಿ ಬಿಚ್ಚಿ ಮೇಲೆ ನೋಡಿದ. ಕಪ್ಪು ಬಟ್ಟೆಯ ಒಳಗೆ ಬಿಳಿ ದಾರದಲ್ಲಿ ಹೊಲಿದ ಹೆಸರಿತ್ತು: ನಬಿಸಾಬ.

ಹಳೆಯದೊಂದು ಮಳೆಯ ಸಂಜೆ ದರ್ಜಿಯ ಅಂಗಡಿಯಿಂದ ತಾನೇ ಈ ಛತ್ರಿ ಎರವಲು ತಂದದ್ದು ತಟ್ಟನೆ ನೆನಪಾಯಿತು. ಸಮಾಧಾನಪ್ಪನಿಗೆ ನಗು ತಡೆಯಲಾಗಲಿಲ್ಲ. ಛತ್ರಿ ಮಡಚಿ ಬಗಲಲ್ಲಿಟ್ಟು, ನೆನೆಯುತ್ತಲೇ ನಡೆದ. ದರ್ಜಿ ನಬಿಸಾಬ ಹೊಲಿಗೆ ನಿಲ್ಲಿಸಿ ತಲೆಯೆತ್ತಿದಾಗ, ಛತ್ರಿಯನ್ನು ಅವನ ಕೈಗಿತ್ತು ಮತ್ತೆ ಮಳೆಗಿಳಿದ.