ತಪ್ಪು ಸೀರೆಯದಲ್ಲ, ಬಿಸಿಲಿನದು!

ಹೊಳೆನರಸೀಪುರದ ಸ್ನೇಹಲತಾ ಒಂದು ಸೋಮವಾರ ಬೆಳಿಗ್ಗೆ ಕಾಫಿ ಲೋಟವನ್ನು ಟೇಬಲ್ಲಿನ ಮೇಲೆ ಕುಕ್ಕಿ ಘೋಷಿಸಿಯೇಬಿಟ್ಟಳು: "ಇವತ್ತಿಗೆ ನನ್ನ ಸೀರೆ ಅಂಗಡೀಲಿ ಟ್ಯೂಬ್‌ಲೈಟಿನ ಆಳ್ವಿಕೆ ಮುಗೀತು!"

ಗಂಡ ಅರುಣ್‌ಕುಮಾರ್ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪೇಪರಿನಿಂದ ತಲೆಯೆತ್ತದೆ, "ಹೊಸ ದೊರೆಗಳು ಯಾರಂತೆ?" ಎಂದ.

"ವಿಂಟೇಜ್ ಲೈಟು. ಇಂಡಸ್ಟ್ರಿಯಲ್ ಸ್ಟೈಲು. ನಿಮಗೆ ಅರ್ಥ ಆಗಲ್ಲ ಬಿಡಿ."

ಹಾಸನದ ಒಂದು ಹೊಸ ಕಾಫಿ ಅಂಗಡಿಯಲ್ಲಿ ಅವಳು ಅದನ್ನು ಕಂಡಿದ್ದಳು. ಸೂರಿನಿಂದ ಇಳಿಬಿದ್ದ ಕಬ್ಬಿಣದ ಪೈಪುಗಳು, ತಂತಿ ಪಂಜರದೊಳಗೆ ದುಂಡು ಬಲ್ಬುಗಳು, ಬಲ್ಬಿನೊಳಗೆ ಕೆಂಪಗೆ ಕಾದಂತೆ ಉರಿಯುವ ಎಳೆ. ಆ ಹಳದಿ ಬೆಳಕಿನಲ್ಲಿ ಎದುರು ಕೂತಿದ್ದ ಅರುಣ್‌ಕುಮಾರನೂ ಸುಂದರನಾಗಿ ಕಂಡಿದ್ದ! ಗಂಡನನ್ನೇ ಈ ಪಾಟಿ ಬದಲಾಯಿಸುವ ದೀಪ ಸೀರೆಗೆ ಇನ್ನೇನು ತಾನೇ ಮಾಡಲಾರದು?

ವಾರದೊಳಗೆ ಅಂಗಡಿಯ ಅವತಾರವೇ ಬೇರೆಯಾಯಿತು. ಮೊದಲು ನೋಡಲು ಬಂದವರು ಮಾವ ನಂಜಪ್ಪ. ಮೇಲೆ ನೋಡಿದರು, ಕೆಳಗೆ ನೋಡಿದರು.

"ಪ್ಲಂಬರು ಅರ್ಧಕ್ಕೇ ಬುಟ್ಟೋದ್ನೇನವ್ವಾ? ಪೈಪೆಲ್ಲಾ ಈಚೆಗೇ ಅವೆ!"

"ಅದೇ ಸ್ಟೈಲು ಮಾವ."

"ಬಲ್ಬು ಏನ್ ತಪ್ಪು ಮಾಡಿದ್ವು ಅಂತ ಪಂಜರಕ್ಕಾಕಿದ್ದೀಯ? ಪಾಪ, ಬುಟ್ಬುಡವ್ವ."

ಅರುಣ್‌ಕುಮಾರ್ ಮೆಲ್ಲಗೆ ಬಾಯಿ ತೆರೆದ. "ಸ್ನೇಹಾ, ಈ ಬೆಳಕಲ್ಲಿ ಬಣ್ಣ ಸರಿಯಾಗಿ ಗೊತ್ತಾಗಲ್ಲ ಕಣೇ…"

"ಪಾಠ ಸ್ಕೂಲಲ್ಲಿ ಮಾಡಿ!"

ಆ ಹೊತ್ತಿಗೆ ಅರಕಲಗೂಡು ಕಡೆಯ ಲಕ್ಕಮ್ಮ ಮಗಳ ಮದುವೆ ಬಟ್ಟೆಗೆಂದು ಬಂದಳು. ಹೊಗೆಸೊಪ್ಪು ಬೆಳೆಯುವ ಗಟ್ಟಿಗಿತ್ತಿ. ಹೊಸಲು ದಾಟುತ್ತಲೇ, "ಏನವ್ವಾ ಇದು? ನಾವು ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಇದ್ದಂಗೇ ಅದೆ! ಸೀರೆ ಬೇಯಿಸ್ತೀಯಾ?" ಎಂದಳು. ಆದರೆ ಕೂತು ಸೀರೆ ಬಿಚ್ಚಿಸಿದ ಮೇಲೆ ಅವಳಿಗೂ ಮಂಕು ಕವಿಯಿತು. ಓರಗಿತ್ತಿಯರಿಗೆ, ನಾದಿನಿಯರಿಗೆ, ತನಗೆ, ಎಲ್ಲರಿಗೂ ಒಂದೇ ಗಂಧದ ಬಣ್ಣದ ಸೀರೆ ಬೇಕೆಂದಳು. ಗಂಡಿನ ತಾಯಿ ಪ್ರೇಮಕುಮಾರಿ, "ನಿಮ್ಮ ಕಡೆಯೋರು ಬಣ್ಣ ನೋಡಿ ಉಡಲ್ಲ" ಎಂದು ಚುಚ್ಚಿದ್ದಳಂತೆ. ಅದಕ್ಕೆ ಉತ್ತರ ಕೊಡಬೇಕಿತ್ತು. ಸ್ನೇಹಲತಾ ತಿಳಿಬಣ್ಣದ ರಾಶಿಯಿಂದ ಕಣ್ಣಳತೆಯಲ್ಲೇ ಒಂದೊಂದಾಗಿ ಆರಿಸಿ ಪಕ್ಕಪಕ್ಕ ಹರಡಿದಳು. ಎಲ್ಲವೂ ಅಪ್ಪಟ ಗಂಧ! ಫಾಲ್ಸು, ಕುಚ್ಚನ್ನೂ ಅಂಗಡಿಯಲ್ಲೇ ಹಾಕಿಸಿ, ಚಪ್ಪರದ ಹಿಂದಿನ ರಾತ್ರಿ ಡಬ್ಬಿ ಕಟ್ಟಿ ಕಳಿಸಿದಳು.

ಚಪ್ಪರದ ದಿನ ಬೆಳಿಗ್ಗೆ ಅಷ್ಟೂ ಹೆಂಗಸರು ಹೊಸ ಸೀರೆ ಉಟ್ಟು ಅಂಗಳಕ್ಕೆ ಬಂದರು. ಬಣ್ಣ ಬಯಲಾಯಿತು! ಒಂದು ತಿಳಿ ಗುಲಾಬಿ, ಒಂದು ಪಿಸ್ತಾ ಹಸಿರು, ಒಂದು ಮೋಡದ ನೀಲಿ. ಲಕ್ಕಮ್ಮನದು ಅಚ್ಚ ಬಿಳಿ.

ಮಧ್ಯಾಹ್ನದೊಳಗೆ ಆ ಕಾಮನಬಿಲ್ಲು ಟೆಂಪೋದಿಂದ ಸೀರೆ ಅಂಗಡಿಯ ಮುಂದೆ ಇಳಿಯಿತು.

"ನನ್ ಯಜಮಾನ್ರು ಗುಂಡುಕಲ್ಲಿದ್ದಂಗವ್ರೆ! ನಂಗ್ಯಾಕವ್ವಾ ಈಗ್ಲೇ ಬಿಳೀ ಸೀರೆ?" ಎಂದು ಲಕ್ಕಮ್ಮ ರಸ್ತೆಯಲ್ಲೇ ಗುಡುಗಿದಳು. "ಫಾಲ್ಸ್ ಒಲ್ದಾಗೋಗದೆ, ಕುಚ್ಚು ಕಟ್ಟಾಗೋಗದೆ, ಬದಲಾಯ್ಸಂಗೂ ಇಲ್ಲ. ಸಂಜೆಗೆ ಇಲ್ಲೇ ಛತ್ರದಲ್ಲಿ ರಿಸೆಪ್ಸನ್ನು. ಆ ಬೀಗಿತ್ತಿ ಮುಂದೆ ಮಕ ಎಂಗೆ ತೋರ್ಸನೆ?"

ಅಕ್ಕಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತರು. ಬೇರೆ ಯಾರಾದರೂ ಆಗಿದ್ದರೆ ಕೈಮುಗಿಯುತ್ತಿದ್ದರು. ಸ್ನೇಹಲತಾಳೂ ಇನ್ನೇನು ಕೈಜೋಡಿಸಲಿದ್ದಳು. ಆದರೆ ಗುಂಪಿನ ಹಿಂದೆ, ಶನಿವಾರದ ಅರ್ಧ ದಿನದ ಸ್ಕೂಲು ಮುಗಿಸಿ ಬಂದ ಗಂಡನ ಮುಖ ಕಂಡಿತು. ಸಾಯಲಿ, ಈ ಮನುಷ್ಯನ ಎದುರು ಸೋಲುವುದೇ?

"ನನ್ನ ಸೀರೇದೇನೂ ತಪ್ಪಿಲ್ಲ!" ಎಂದು ಸೊಂಟಕ್ಕೆ ಕೈಕೊಟ್ಟಳು. "ತಪ್ಪು ಬಿಸಿಲಿಂದು! ಅಂಗಡಿ ಒಳಗೆ ಬಂದು ನೋಡಿ. ಗಂಧ ಅಲ್ದೆ ಬೇರೆ ಕಂಡ್ರೆ ಕೇಳಿ!"

ಎಲ್ಲರೂ ಒಳಗೆ ನುಗ್ಗಿದರು. ಹಳದಿ ಬೆಳಕು ಬಿತ್ತು. ಅಷ್ಟೂ ಸೀರೆ ಗಂಧ! ಲಕ್ಕಮ್ಮ ತನ್ನ ಸೆರಗು ನೋಡಿದಳು, ನೀಲಿ ಸೀರೆ ಉಟ್ಟವಳ ಸೆರಗು ನೋಡಿದಳು, ಕೊನೆಗೆ ತಲೆಯೆತ್ತಿ ಬಲ್ಬು ನೋಡಿದಳು.

"ಅಂಗಾರೆ ಇವನ್ನೇ ಬಿಚ್ಚು. ಛತ್ರಕ್ಕೆ ಕಟ್ಟು."

"ಲೈಟಾ?"

"ಇನ್ನೇನ್ ಸೂರ್ಯನ್ನ ಬಿಚ್ಚಕ್ಕಾಯ್ತದಾ?"

ಸಂಜೆಗೆ ಛತ್ರದ ತುಂಬ ಪೈಪು, ಪಂಜರ, ಬಲ್ಬು. ಅರುಣ್‌ಕುಮಾರ್ ಏಣಿ ಹಿಡಿದುಕೊಂಡ. ಗಂಧದ ಸೀರೆಗಳು ಸಾಲಾಗಿ ಪನ್ನೀರು ಹಿಡಿದು ನಿಂತಾಗ ಬೀಗರ ಕಡೆಯವರೆಲ್ಲ ಬೆರಗಾದರು. ಸ್ನೇಹಲತಾ ಗೆದ್ದ ಸೇನಾಪತಿಯಂತೆ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಳು.

ಆಗಲೇ ಫೋಟೋಗ್ರಾಫರ್ ಅಭಿಷೇಕ್ ತನ್ನ ದೊಡ್ಡ ಬಿಳಿ ಲೈಟನ್ನು ಧಗ್ಗೆಂದು ಹತ್ತಿಸಿದ. ಗುಲಾಬಿ, ಹಸಿರು, ನೀಲಿ ಎದ್ದು ಕುಣಿದವು! ಸ್ನೇಹಲತಾ ವೇದಿಕೆಗೇ ಹಾರಿದಳು.

"ಆರ್ಸಯ್ಯಾ ಅದನ್ನ!"

"ಮೇಡಂ, ಆರ್ಸಿದ್ರೆ ಫೋಟೋದಲ್ಲಿ ಗಂಡು ಹೆಣ್ಣು ಇಬ್ರಿಗೂ ಕಾಮಾಲೆ ಬಂದಂಗೆ ಕಾಣ್ತದೆ!"

"ಬರ್ಲಿ! ಸೀರೆ ಬಣ್ಣ ಮಾತ್ರ ಕೆಡಬಾರ್ದು!"

ಮದುಮಗಳು ಅಳುವಂತಾದಳು. ತೀರ್ಪು ಕೊಟ್ಟವಳು ಲಕ್ಕಮ್ಮ. ಅಭಿಷೇಕನ ಕಿವಿಯ ಹತ್ತಿರ ಬಂದು, "ಆರ್ಸಪ್ಪ. ಆ ಅಳ್ದಿ ಬೆಳಕ್ನಲ್ಲಿ ನಮ್ ಬೀಗಿತ್ತಿನೂ ನಗ್ತಾ ಇರಂಗೆ ಕಾಣ್ತಾಳೆ. ಇನ್ನೊಂದ್ ಸಲ ಸಿಕ್ಕಾಕಿಲ್ಲ" ಎಂದಳು. ಬಿಳಿ ಲೈಟು ಆರಿತು. ಗಂಧ ಮರಳಿತು.

ಸ್ನೇಹಲತಾ ಬೆವರು ಒರೆಸಿಕೊಂಡು, ಗಂಡನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಅಷ್ಟರಲ್ಲಿ, ಬಿಳಿ ಲೈಟು ಹತ್ತಿದಾಗ ಹೊರಗೆ ನೆಂಟರ ಜೊತೆ ಮಾತಾಡುತ್ತಿದ್ದ ಪ್ರೇಮಕುಮಾರಿಯೇ ರೇಷ್ಮೆ ಸೀರೆಯ ಸದ್ದು ಮಾಡುತ್ತಾ ಎದುರಿಗೆ ಬಂದು ನಿಂತಳು.

"ಈ ಸೀರೆ ನಿಮ್ಮ ಅಂಗಡೀದಂತಲ್ಲ? ಎಲ್ಲಾ ಒಂದೇ ಅಚ್ಚಲ್ಲಿ ತೆಗೆದಂಗವೆ! ನಮ್ಮ ಚನ್ನರಾಯಪಟ್ಟಣದಲ್ಲಿ ಹುಡುಕಿದ್ರೂ ಸಿಗಲ್ಲ. ಬೀಗರೂಟಕ್ಕೆ ನಮ್ಮನೆ ಹೆಂಗಸರಿಗೆಲ್ಲಾ ಇದೇ ಬಣ್ಣ ಬೇಕು. ಮಂಟಪ ತೋಟದಲ್ಲಿ, ಮಟಮಟ ಮಧ್ಯಾಹ್ನ. ನಾಡಿದ್ದು ಸಂಜೆ ಅಂಗಡಿಗೆ ಬರ್ಲಾ?"

ಹಿಂದೆ ಮೇಷ್ಟ್ರು ಕೆಮ್ಮಿದ. ಸ್ನೇಹಲತಾ ಗಂಡನ ಕಡೆ ನೋಡದೆ, ಜನ್ಮದಲ್ಲಿ ಮೊದಲ ಸಲ ಮೆಲುದನಿಯಲ್ಲಿ ಹೇಳಿದಳು:

"ಸಂಜೆ ಬೇಡಮ್ಮಾ… ಬೆಳಿಗ್ಗೆನೇ ಬಂದ್ಬಿಡಿ. ಸೀರೆ ಫುಟ್‌ಪಾತ್ ಮೇಲೆ ಹಾಸಿ ತೋರಿಸ್ತೀನಿ."