ನನ್ನ ಧ್ವನಿಯನ್ನು ನನಗೆ ಹಿಂದಿರುಗಿಸುವ ಬಗ್ಗೆ

ಇಂದ,
ಪ್ರಕಟಣೆ ಗುಮಾಸ್ತ (ಧ್ವನಿ),
ಕುಟುಂಬ ಸಂಪರ್ಕ ಶಾಖೆ, ಜಿಲ್ಲಾ ಶಾಲಾ ಕಚೇರಿ,
ಮೊದಲನೇ ಮಹಡಿ, ಮುರಿದ ಬೆಂಚುಗಳನ್ನು ಪೇರಿಸಿಟ್ಟಿರುವ ಕೋಣೆಯ ಒಳಗಿನ ಕೋಣೆ.

ಗೆ,
ಮಾನ್ಯ ಜಿಲ್ಲಾ ಶಾಲಾ ಅಧಿಕಾರಿಗಳು,
ಅದೇ ಕಚೇರಿ, ಅದೇ ಮಹಡಿ, ಫ್ಯಾನ್ ತಿರುಗುವ ಕೋಣೆ.

ವಿಷಯ: ಕಚೇರಿಯ ಫೋನ್ ಯಂತ್ರದಲ್ಲಿ ಬಳಕೆಯಾಗುತ್ತಿರುವ ನನ್ನ ಧ್ವನಿಯನ್ನು ನನಗೆ ಹಿಂದಿರುಗಿಸುವ ಬಗ್ಗೆ, ಹಾಗೂ ಇನ್ನೊಂದು ಸಣ್ಣ ವಿಷಯದ ಬಗ್ಗೆ (ಕೊನೆಯಲ್ಲಿ ನೋಡುವುದು).

ಉಲ್ಲೇಖ:
1. "ಪ್ರತಿ ಕುಟುಂಬಕ್ಕೂ ಮಾಹಿತಿ, ಪ್ರತಿ ಕುಟುಂಬವೂ ಭಾಗಿ" ಎಂಬ ಈ ಕಚೇರಿಯ ಸುತ್ತೋಲೆ (ಬರೆದವನು ನಾನೇ).
2. ಸದರಿ ಮಾಹಿತಿ ನನಗೆ ಮಾತ್ರ ಬರದಂತೆ ಮಾಡಬೇಕೆಂದು ಕೋರಿದ ಅರ್ಜಿ (ಕೊಟ್ಟವನೂ ನಾನೇ).
3. ಆರನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ತನ್ನ ಕೋಣೆಯ ಬಾಗಿಲ ಹಿಂದಿನಿಂದ ಹೊರಡಿಸಿದ ಮೌಖಿಕ ಆದೇಶ: "ಪೇರೆಂಟ್ಸ್ ಮೀಟಿಂಗಿಗೆ ನೀನು ಬರ್ಬೇಡ. ಮಾವನ್ನ ಕಳ್ಸು."

ಮಾನ್ಯರೇ,

ಮೇಲ್ಕಂಡ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಜಿಲ್ಲೆಯ ಎಲ್ಲ ಶಾಲೆಗಳ ಮಕ್ಕಳ ಮನೆಗಳಿಗೆ ಫೋನಿನಲ್ಲಿ ಹೋಗುವ ಧ್ವನಿಮುದ್ರಿತ ಪ್ರಕಟಣೆಗಳಲ್ಲಿ ಮಾತಾಡುವ ಮನುಷ್ಯ ನಾನೇ ಆಗಿರುತ್ತೇನೆ. ತಾವೂ ಕೇಳಿರುತ್ತೀರಿ. ಪೂರ್ತಿ ಕೇಳಿರಲಿಕ್ಕಿಲ್ಲ.

ಉಲ್ಲೇಖ (3)ರ ಆದೇಶದಿಂದ ನನಗೆ ಬಹಳ ನೋವಾಗಿರುತ್ತದೆ. ಸದರಿ ಪೋಷಕರ ಸಭೆಯಲ್ಲಿ ನನ್ನ ಮಗಳು ಎಲ್ಲರ ಎದುರು ನಿಂತು, ತಾನೇ ರಟ್ಟಿನಲ್ಲಿ ಮಾಡಿದ ದೊಡ್ಡದೊಂದು ಕಿವಿಯನ್ನು ತೋರಿಸಿ, ಮನುಷ್ಯ ಹೇಗೆ ಕೇಳಿಸಿಕೊಳ್ಳುತ್ತಾನೆ ಎಂಬುದನ್ನು ವಿವರಿಸಲಿದ್ದಾಳೆ. ಇದರಲ್ಲಿ ನನಗೇನಾದರೂ ಸೂಚನೆ ಇದೆಯೇ ಎಂದು ಅವಳ ಅಮ್ಮನ ಬಳಿ ವಿಚಾರಿಸಿದ್ದೇನೆ. ಇಲ್ಲವಂತೆ, ಈ ತಿಂಗಳ ಪಾಠದಲ್ಲಿ ಕಿವಿ ಬಂದಿದೆ, ಅಷ್ಟೇ. ಆ ಕಿವಿಯನ್ನು ನೋಡಲು ನಾನು ಹೋಗಬೇಕು. ಹೋಗಬೇಕಾದರೆ ಅವಳು ಬಾ ಅನ್ನಬೇಕು. ಉಳಿದದ್ದೆಲ್ಲ ಈ ಕೆಳಗಿನ ಕಾರಣಗಳು.

1. ಧ್ವನಿಯು ನನ್ನ ಕೈಬಿಟ್ಟ ಬಗ್ಗೆ: ಯಂತ್ರ ಬಂದ ದಿನ ಅದನ್ನು ಜೋಡಿಸಿದವನು "ಒಂದು ಒಳ್ಳೇ ವಾಯ್ಸ್ ಬೇಕು ಸಾರ್" ಎಂದು ಕೇಳಿದ್ದು ತಮಗೆ ನೆನಪಿರಬಹುದು. ಟಪಾಲು ನೋಡುವ ಮೇಡಂ ಮಾತಾಡಿದರೆ ಜಗಳಕ್ಕೆ ಕರೆದಂತಿತ್ತು. ಜವಾನ ನಗು ತಡೆಯಲಾರದೆ ಮೆಟ್ಟಿಲಿಳಿದು ಓಡಿದ. ನನಗೆ ಅಂದು ಭಾರೀ ನೆಗಡಿ. ಮೂಗು ಕಟ್ಟಿ, ಗಂಟಲು ಇಳಿದು, ಧ್ವನಿ ಬಾವಿಯೊಳಗಿಂದ ಬಂದಂತೆ ಗಂಭೀರವಾಗಿತ್ತು. ತಾವು ಮೇಜು ಕುಟ್ಟಿ "ಇದೇ! ಇದೇ ಇರ್ಲಿ!" ಎಂದಿರಿ. ಒಂದು ವಾರದಲ್ಲಿ ನೆಗಡಿ ವಾಸಿಯಾಯಿತು. ಆದರೆ ಅನುಮೋದನೆ ಸಿಕ್ಕಿದ್ದು ನೆಗಡಿಯ ಧ್ವನಿಗೆ. ಕಾರಣ, ಅಂದಿನಿಂದ ಪ್ರತಿಯೊಂದು ಪ್ರಕಟಣೆಯನ್ನೂ ನಾನು ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡೇ ಮಾಡುತ್ತಾ ಬಂದಿರುತ್ತೇನೆ.

2. ಇದರಿಂದಾದ ಕೌಟುಂಬಿಕ ಪರಿಣಾಮಗಳು: ಊರಿನ ಮಕ್ಕಳೆಲ್ಲ ನನ್ನನ್ನು "ಒಂದನ್ನು ಒತ್ತಿ ಅಂಕಲ್" ಎಂದು ಕರೆಯುತ್ತಾರೆ. ಮಗಳ ತರಗತಿಯ ಹುಡುಗರು ಅವಳು ಹಾದುಹೋಗುವಾಗ ಮೂಗು ಹಿಡಿದುಕೊಂಡು "ಮತ್ತೊಮ್ಮೆ ಕೇಳಲು ಒಂದನ್ನು ಒತ್ತಿ" ಎನ್ನುತ್ತಾರಂತೆ. ಇದನ್ನವಳು ನನಗೆ ಹೇಳಿರಲಿಲ್ಲ. ಅವಳ ಅಮ್ಮನಿಗೆ ಹೇಳಿದ್ದಳು.

ಮನೆಗೆ ಫೋನ್ ಮಾಡಿದರೂ ಅಭ್ಯಾಸಬಲದಿಂದ "ನಮಸ್ಕಾರ" ಎಂದೇ ಶುರುಮಾಡುತ್ತೇನೆ. ಅಷ್ಟಕ್ಕೇ ಆ ಕಡೆಯಿಂದ ಕಟ್. ಹೋದ ತಿಂಗಳು ಮಾರ್ಕೆಟ್ಟಿನಲ್ಲಿ ನಿಂತು ಏನೇನು ತರಬೇಕೆಂದು ಕೇಳಲು ಮತ್ತೆ ಮತ್ತೆ ಫೋನ್ ಮಾಡಿ, ಸಾಕಾಗಿ, ಬರಿಗೈಯಲ್ಲಿ ಮನೆಗೆ ಹೋದೆ.

"ನಾನ್ರೀ ಏನ್ಮಾಡ್ಲಿ?" ಎಂದಳು ಹೆಂಡತಿ. "ನೀವೋ ಮಿಷಿನ್ನೋ ಅಂತ ಗೊತ್ತಾಗ್ಬೇಕಲ್ಲ. ಮೊದ್ಲು ಒಂದು ಸಲ ಕೆಮ್ಮಿ. ಮಿಷಿನ್ ಕೆಮ್ಮಲ್ಲ."

ಈಗ ಕೆಮ್ಮಿ ಮಾತಾಡುತ್ತಿದ್ದೇನೆ. ದಾಂಪತ್ಯ ಸುಧಾರಿಸಿದೆ.

3. ಪ್ರಕಟಣೆಯ ಸ್ವರೂಪದ ಬಗ್ಗೆ: ಸದರಿ ಪ್ರಕಟಣೆಗಳು ಇದೇ ಕ್ರಮದಲ್ಲಿರತಕ್ಕದ್ದು ಎಂದು ಉಲ್ಲೇಖ (1)ರಲ್ಲಿ ನಾನೇ ಬರೆದಿದ್ದೇನೆ. ಮೊದಲು ನಮಸ್ಕಾರ. ಆಮೇಲೆ ಕಚೇರಿಯ ಧ್ಯೇಯ. ಆಮೇಲೆ ಮಕ್ಕಳ ಶಿಕ್ಷಣದಲ್ಲಿ ಕುಟುಂಬದ ಪಾತ್ರ. ಆಮೇಲೆ ತಮ್ಮ ಮಾರ್ಗದರ್ಶನಕ್ಕೆ ವಂದನೆ. ಇದೆಲ್ಲ ಮುಗಿದ ಮೇಲೆ, ಇನ್ನೂ ಯಾರಾದರೂ ಉಳಿದಿದ್ದರೆ, ವಿಷಯ. ಫೋನ್ ಎತ್ತಿದವರನ್ನೆಲ್ಲ "ಮಾಹಿತಿ ಪಡೆದವರು" ಎಂದು ಯಂತ್ರ ತಾನಾಗಿಯೇ ಲೆಕ್ಕ ಹಿಡಿಯುವುದರಿಂದ, ನಮ್ಮ ಜಿಲ್ಲೆಯ ಕುಟುಂಬಗಳಷ್ಟು ಮಾಹಿತಿವಂತ ಕುಟುಂಬಗಳು ಬೇರೆಲ್ಲೂ ಇಲ್ಲವೆಂದು ನಮಗೆ ಶಾಲು ಹೊದಿಸಿರುತ್ತಾರೆ. ಅದನ್ನು ತಾವು ಹೊದ್ದುಕೊಂಡಿದ್ದೀರಿ.

4. ನನ್ನ ಸಂಖ್ಯೆಯ ಬಗ್ಗೆ: ಮಗಳು ಶಾಲೆಗೆ ಸೇರಿದಾಗ ಪೋಷಕರ ಪಟ್ಟಿಯಲ್ಲಿ ನನ್ನ ಮೊಬೈಲ್ ಸಂಖ್ಯೆಯೂ ಸೇರಿತು. ಊಟಕ್ಕೆ ಕೂತು ಬಾಯಿಗೆ ತುತ್ತಿಡುವಷ್ಟರಲ್ಲಿ ನಾನೇ ನನಗೆ ಫೋನ್ ಮಾಡಿ, ಮಗುವಿನೊಂದಿಗೆ ದಿನಾ ಸ್ವಲ್ಪ ಹೊತ್ತು ಮಾತಾಡಿ ಎಂದು ಬುದ್ಧಿ ಹೇಳತೊಡಗಿದೆ. ಸಹಿಸಲಾಗಲಿಲ್ಲ. ಬರೆಯುವವನೂ ನಾನೇ, ಓದುವವನೂ ನಾನೇ, ನನಗೆ ಗೊತ್ತಿಲ್ಲದ್ದು ಅದರಲ್ಲೇನಿದೆ ಎಂದು ಉಲ್ಲೇಖ (2)ರ ಅರ್ಜಿ ಸಲ್ಲಿಸಿದೆ. ಈ ಕಚೇರಿಯಲ್ಲಿ ಅರ್ಜಿ ಕೊಟ್ಟ ದಿನವೇ ಕೆಲಸವಾದ ಉದಾಹರಣೆ ಅದೊಂದೇ.

5. ಪೈಪ್ ಒಡೆದ ದಿನದ ಬಗ್ಗೆ: ಹೋದ ವಾರ ಒಂದು ಶಾಲೆಯಲ್ಲಿ ನೀರಿನ ದೊಡ್ಡ ಪೈಪ್ ಒಡೆದು ತರಗತಿಗಳಿಗೆಲ್ಲ ನೀರು ನುಗ್ಗಿತು. ಮಕ್ಕಳನ್ನು ಬೇಗ ಬಿಡಬೇಕಾಯಿತು. ಶಾಲೆಯವರು ಮನೆಗಳಿಗೆ ನೇರವಾಗಿ ಫೋನ್ ಮಾಡಕೂಡದು, ಏನಿದ್ದರೂ ನಮ್ಮ ಶಾಖೆಯ ಮೂಲಕವೇ ಹೋಗತಕ್ಕದ್ದು ಎಂಬ ನಿಯಮವಿರುವುದರಿಂದ ಮುಖ್ಯೋಪಾಧ್ಯಾಯಿನಿ ನನಗೆ ಫೋನ್ ಮಾಡಿದರು. ನಾನು ಮೂಗು ಹಿಡಿದುಕೊಂಡೆ. ನಮಸ್ಕಾರ, ಧ್ಯೇಯ, ಪಾತ್ರ, ವಂದನೆ ಎಲ್ಲ ಹೇಳಿ, ಕೊನೆಯಲ್ಲಿ ಶಾಲೆಯ ಹೆಸರನ್ನೂ ಪೈಪಿನ ಸಂಗತಿಯನ್ನೂ ಹೇಳಿದೆ. ಗುಂಡಿ ಒತ್ತಿದೆ. "ಎಲ್ಲ ಕುಟುಂಬಗಳಿಗೂ ಮಾಹಿತಿ ತಲುಪಿದೆ" ಎಂದು ತಮಗೆ ವರದಿ ಕಳಿಸಿ, ಡಬ್ಬಿ ಬಿಚ್ಚಿ ಊಟಕ್ಕೆ ಕೂತೆ.

ಅದು ನನ್ನ ಮಗಳ ಶಾಲೆ, ಸ್ವಾಮಿ. ನನ್ನ ಬಾಯಲ್ಲೇ ಅದರ ಹೆಸರು ಹೇಳಿದೆ. ಅದು ನನ್ನ ಕಿವಿಗೆ ಬೀಳಲಿಲ್ಲ. ನಾನು ಪ್ರಕಟಣೆ ಮಾಡುವಾಗ ಕೇಳಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡಿಲ್ಲ.

ಮುಂದೆ ನಡೆದದ್ದನ್ನು ಆ ಶಾಲೆಯ ಗೇಟಿನವನು ನನಗೆ ಹೇಳಿದ. ಮಕ್ಕಳೆಲ್ಲ ಬ್ಯಾಗು ಹೊತ್ತು ಮೆಟ್ಟಿಲ ಮೇಲೆ ಕೂತವು. ಯಾರ ಮನೆಯವರೂ ಬರಲಿಲ್ಲ. ಎಲ್ಲರೂ ಫೋನ್ ಎತ್ತಿದ್ದರು, "ನಮಸ್ಕಾರ" ಕೇಳಿದ್ದರು, ಇಟ್ಟಿದ್ದರು. ಕೊನೆಗೆ ತರಗತಿಯ ಟೀಚರು ನಿಯಮವನ್ನು ಮೂಲೆಗಿಟ್ಟು, ತಮ್ಮದೇ ಫೋನಿನಲ್ಲಿ ಒಬ್ಬೊಬ್ಬರಿಗೂ "ಬೇಗ ಬನ್ನಿ, ಮಕ್ಳೆಲ್ಲ ಒದ್ದೆಯಾಗಿದಾರೆ" ಎಂದರು. ಜನ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿಬಂದರಂತೆ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಫೋನ್ ಒಳಗೆ ಒಯ್ಯುವಂತಿಲ್ಲ. ಅವಳು ಸಿಗದಿದ್ದಾಗ ಟೀಚರು ಮಗಳನ್ನು ಕೇಳಿದರು: "ನಿಮ್ಮಪ್ಪಂಗೆ ಮಾಡ್ಲೇನಮ್ಮ?"

"ಬೇಡ ಮಿಸ್," ಎಂದಳಂತೆ. "ಅಪ್ಪಂಗೆ ಗೊತ್ತಿರುತ್ತೆ. ಅವ್ರೇ ಅಲ್ವಾ ಎಲ್ರಿಗೂ ಹೇಳಿರೋದು? ಬರ್ತಾ ಇರ್ತಾರೆ."

ಹೀಗಾಗಿ ಎಲ್ಲ ಮಕ್ಕಳೂ ಹೋದರು. ಅವಳು ಉಳಿದಳು. ಯಾರಾದರೂ ರಸ್ತೆಯ ತಿರುವಿನಲ್ಲಿ ಕಂಡರೆ ಎದ್ದು ನಿಲ್ಲುತ್ತಿದ್ದಳಂತೆ, ಬೇರೆಯವರೆಂದು ತಿಳಿದ ಮೇಲೆ ಮತ್ತೆ ಕೂರುತ್ತಿದ್ದಳಂತೆ. ಇಡೀ ಜಿಲ್ಲೆಯಲ್ಲಿ ನನ್ನ ಪ್ರಕಟಣೆಯನ್ನು ನಂಬಿದವಳು ಇವಳೊಬ್ಬಳೇ ಎಂದು ದಾಖಲಿಸಲು ನನಗೆ ನಾಚಿಕೆಯಾಗುತ್ತದೆ.

ಕೊನೆಗೆ ಗೇಟಿನವನೇ ಬೀಗ ಹಾಕಿ ಅವಳನ್ನು ನಮ್ಮ ಕಚೇರಿಗೆ ಕರೆತಂದ. ಒದ್ದೆ ಶೂಗಳಲ್ಲಿ ನನ್ನ ಮೇಜಿನ ಮುಂದೆ ಬಂದು ನಿಂತಳು. ನಾನು ಕಡತದಿಂದ ತಲೆಯೆತ್ತಿ, ಸಾರ್ವಜನಿಕರನ್ನು ಕೇಳುವಂತೆ, "ಏನ್ ವಿಷಯ?" ಎಂದೆ.

"ಸ್ಕೂಲ್ ಬೇಗ ಬಿಟ್ರು."

"ಹೌದಾ? ನಂಗ್ಯಾರೂ ಹೇಳ್ಲೇ ಇಲ್ವಲ್ಲ!"

ಇಡೀ ಕಚೇರಿ ಬರೆಯುವುದನ್ನು ನಿಲ್ಲಿಸಿ ನನ್ನತ್ತ ನೋಡಿತು. ಯಾವಾಗಲೂ ನಗುವ ಜವಾನ ಕೂಡ ನಗಲಿಲ್ಲ. ಮಗಳು ಕೈ ಚಾಚಿ, "ಮನೆ ಬೀಗದ ಕೈ ಕೊಡು" ಎಂದಳು. ಉಲ್ಲೇಖ (3)ರ ಆದೇಶ ಅಂದು ಸಂಜೆ ಹೊರಬಿತ್ತು. ಹುಡುಗರು ಮೂಗು ಹಿಡಿದು ಅಣಕಿಸಿದ್ದನ್ನೆಲ್ಲ ಅವಳು ಇಷ್ಟು ದಿನ ಸಹಿಸಿದ್ದಳು ಎಂಬುದನ್ನು ತಾವು ಗಮನಿಸಬೇಕು.

6. ಮೇಲ್ಮನವಿಯ ಬಗ್ಗೆ: ಮೊದಲು ಹೆಂಡತಿಯ ಮೂಲಕ ಪ್ರಯತ್ನಿಸಿದೆ. "ನನ್ ಕೈಲಿ ಹೇಳಿ ಕಳಿಸ್ಬೇಡಿ, ನೀವೇ ಹೋಗಿ ಮಾತಾಡಿ" ಎಂದು ತಿರಸ್ಕರಿಸಿದಳು. ಆದ್ದರಿಂದ ನಿನ್ನೆ ಸಂಜೆ ಖುದ್ದಾಗಿ ಮಗಳ ಕೋಣೆಯ ಬಾಗಿಲ ಮುಂದೆ ಹಾಜರಾದೆ. ಒಳಗೆ ಕತ್ತರಿಯ ಸದ್ದು. ನಮ್ಮ ಅಡುಗೆಮನೆಯ ಎಣ್ಣೆ ಆಲಿಕೆ ಎರಡು ದಿನದಿಂದ ಕಾಣೆಯಾಗಿತ್ತು. ಅದು ರಟ್ಟಿನ ಕಿವಿಯೊಳಕ್ಕೆ ಹೋಗಿರಬೇಕು ಎಂದು ನನಗಾಗ ಹೊಳೆಯಿತು.

"ನೋಡು ಪುಟ್ಟಿ," ಎಂದೆ, "ಮೊನ್ನೆ ನಡೆದ ಘಟನೆಗೆ ಸಂಬಂಧಿಸಿದ ಹಾಗೆ..."

"ಕಟ್," ಎಂದಿತು ಒಳಗಿನ ಧ್ವನಿ.

ಕೆಮ್ಮಿದೆ. "ಆಫೀಸಲ್ಲಿ ಕೆಲಸದ ಒತ್ತಡ ಇರೋ ಕಾರಣ..."

"ಕಟ್."

ಸುತ್ತೋಲೆಯ ಕ್ರಮವನ್ನೆಲ್ಲ ಬಿಟ್ಟರೆ ನನ್ನ ಬಳಿ ಹೇಳಲು ಎಷ್ಟು ಕಡಿಮೆ ಇದೆ ಎಂದು ಗೊತ್ತಾಯಿತು. "ನೀನು ಕಾಯ್ತಾ ಇದ್ದೆ," ಎಂದೆ. "ನಾನು ಬರ್ಲಿಲ್ಲ. ತಪ್ಪಾಯ್ತು ಕಣೇ."

ಕತ್ತರಿ ನಿಂತಿತು. ಬಾಗಿಲು ಒಂದು ಗೇಣು ತೆರೆಯಿತು. ನಾನು ಮೂಗು ಹಿಡಿದುಕೊಂಡಿಲ್ಲ ಎಂಬುದನ್ನು ಅವಳು ಮೊದಲು ಖಾತ್ರಿಪಡಿಸಿಕೊಂಡಳು.

"ಕೊನೇ ಬೆಂಚಲ್ಲಿ ಕೂತ್ಕೋಬೇಕು," ಎಂದಳು. "ಯಾರ್ ಹತ್ರಾನೂ ಬಾಯಿ ಬಿಡಬಾರ್ದು. ಆಮೇಲೆ, ಬರ್ತೀನಿ ಅಂದ್ರೆ ಬರ್ಬೇಕು."

ಮೂರನೇ ಷರತ್ತು ಹೇಳುವಾಗ ಅವಳ ಧ್ವನಿ ಸ್ವಲ್ಪ ಅಲುಗಿತು. ಧ್ವನಿಯ ವಿಷಯದಲ್ಲಿ ನನಗೆ ಸ್ವಲ್ಪ ಅನುಭವ ಇರುವುದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ.

7. ಇಂದು ಬೆಳಿಗ್ಗೆ ನನ್ನಿಂದಾದ ಶಿಸ್ತು ಉಲ್ಲಂಘನೆಯ ಬಗ್ಗೆ: ಸಭೆಯ ಬಗ್ಗೆ ಸದರಿ ಶಾಲೆಯ ಎಲ್ಲ ಪೋಷಕರಿಗೂ ಪ್ರಕಟಣೆ ಕಳಿಸಬೇಕಾಗಿತ್ತು. ತಮ್ಮ ಅನುಮತಿ ಪಡೆಯದೆ, ಮೂಗು ಹಿಡಿಯದೆ, ನಮಸ್ಕಾರವನ್ನೂ ತಮ್ಮ ಮಾರ್ಗದರ್ಶನವನ್ನೂ ಕೈಬಿಟ್ಟು, ಇಷ್ಟೇ ಹೇಳಿದ್ದೇನೆ: "ಇವತ್ತು ಮೂರು ಗಂಟೆಗೆ ಸ್ಕೂಲಲ್ಲಿ ಮೀಟಿಂಗ್ ಇದೆ. ಮಕ್ಕಳು ಕಾಯ್ತಿರ್ತಾರೆ. ಬನ್ನಿ."

ಕಚೇರಿಯ ಫೋನ್ ಕೂಡಲೇ ಹೊಡೆದುಕೊಳ್ಳಲು ಶುರುಮಾಡಿತು. ಪ್ರಕಟಣೆ ಕೇಳಿ ಯಾರಾದರೂ ತಿರುಗಿ ಫೋನ್ ಮಾಡಿದ್ದು ಇದೇ ಮೊದಲು. ದಿನಸಿ ಅಂಗಡಿಯವರೊಬ್ಬರು "ರೀ, ಇದು ನಿಜವಾದ ಫೋನಾ?" ಎಂದು ಗಾಬರಿಯಿಂದ ಕೇಳಿದರು. ಹೌದು ಎಂದೆ. "ಹಂಗಾದ್ರೆ ಬರ್ತೀನಿ" ಎಂದರು.

ಗುಂಡಿ ಒತ್ತುವ ಮುಂಚೆ ನನ್ನ ಸಂಖ್ಯೆಯನ್ನೂ ಪಟ್ಟಿಗೆ ಮರಳಿ ಸೇರಿಸಿದ್ದೆ. ಸ್ವಲ್ಪ ಹೊತ್ತಿನಲ್ಲೇ ಜೇಬಿನಲ್ಲಿದ್ದ ಫೋನ್ ಕೂಗಿತು. ಎತ್ತಿದೆ. ಯಾರೋ ಒಬ್ಬ ಸಾಧಾರಣ ಧ್ವನಿಯ ಮನುಷ್ಯ, ಮಕ್ಕಳು ಕಾಯುತ್ತಿರುತ್ತಾರೆ ಬನ್ನಿ ಎಂದ. ಕೊನೆತನಕ ಕೇಳಿದೆ. ಆಮೇಲೆ ಒಂದನ್ನು ಒತ್ತಿ ಮತ್ತೊಮ್ಮೆ ಕೇಳಿದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಕೋರುವುದೇನೆಂದರೆ:

(ಅ) ನೆಗಡಿಯ ಧ್ವನಿಯನ್ನು ಸೇವೆಯಿಂದ ನಿವೃತ್ತಿಗೊಳಿಸಬೇಕು. ಪಿಂಚಣಿ ಬೇಡ.
(ಆ) ಬೆಳಗಿನ ಪ್ರಕಟಣೆಗೆ ಘಟನೋತ್ತರ ಅನುಮೋದನೆ ನೀಡಬೇಕು.
(ಇ) ತುರ್ತು ಸಂದರ್ಭದಲ್ಲಿ ಟೀಚರುಗಳೇ ಮನೆಗಳಿಗೆ ನೇರವಾಗಿ ಫೋನ್ ಮಾಡಲು ಬಿಡಬೇಕು. ಅವರ ಮಾತು ಕೇಳಿ ಜನ ಬರಿಗಾಲಲ್ಲಿ ಓಡಿಬರುತ್ತಾರೆ.

ತಮ್ಮ ವಿಶ್ವಾಸಿ, ಮೂಗಿನಿಂದ ಕೈ ತೆಗೆದಿರುವ,
ಪ್ರಕಟಣೆ ಗುಮಾಸ್ತ

ಲಗತ್ತುಗಳು:
1. ಬೆಳಗಿನ ಪ್ರಕಟಣೆಯ ಪ್ರತಿ (ಒಂದೂವರೆ ಸಾಲು).
2. ಗೇಟಿನವನ ಹೇಳಿಕೆ (ಸಹಿ ಇಲ್ಲ. "ನಂಗ್ಯಾಕ್ ಸಾರ್ ಇದೆಲ್ಲ, ನೀವು ಮಗೂನ ನೋಡ್ಕೊಳಿ" ಎಂದಿರುತ್ತಾನೆ).
3. ಅರ್ಧ ದಿನದ ರಜೆ ಚೀಟಿ.

ವಿಶೇಷ ಸೂಚನೆ: ಲಗತ್ತು (3)ರ ರಜೆ ಇವತ್ತಿನದು. ಮುಖ್ಯ ವಿಷಯ ಕೊನೆಯಲ್ಲೇ ಇರತಕ್ಕದ್ದು ಎಂಬ ಪದ್ಧತಿಯಂತೆ ಅದನ್ನು ಇಲ್ಲಿಟ್ಟಿದ್ದೇನೆ. ತಾವು ಇದನ್ನು ಓದುವ ಹೊತ್ತಿಗೆ ನಾನು ಆ ಶಾಲೆಯ ಕೊನೇ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ. ರಜೆ ಕೊಡಲು ಸಾಧ್ಯವಿಲ್ಲದಿದ್ದಲ್ಲಿ ಫೋನ್ ಮಾಡಿ ತಿಳಿಸಬಹುದು. ಎತ್ತಲಾಗುವುದಿಲ್ಲ, ಮಗಳು ಮಾತಾಡುತ್ತಿರುತ್ತಾಳೆ.