ಟೀವಿ ನೆಗೆಣ್ಣಿಯರು ಬ್ಯಾಡಗಿಗೆ ಹೋದದ್ದು

ಟೀವಿಯೊಳಗ ಒಮ್ಮೆ ಕೆಟ್ಟಾಕಿ ಅನಿಸಿಕೊಂಡ್ರ ಮುಗೀತು ನೋಡ್ರಿ, ಆಮ್ಯಾಲೆ ಊರಾಗ ಒಳ್ಳ್ಯಾಕಿ ಆಗಾಕ ನೀವು ತಲಿ ಕೆಳಗ ಮಾಡಿ ನಿಂತ್ರೂ ಆಗೂದಿಲ್ಲ. ಇವತ್ತಿಗೂ ಹಾವೇರಿ ಸಂತ್ಯಾಗ ಯಾರರ ನನ್ನ ಮಾರಿ ದಿಟ್ಟಿಸಿ ನೋಡಿ, ಬಾಜೂದಾಕಿ ಕಿವ್ಯಾಗ ಏನೋ ಉಸುರಿ, ಇಬ್ಬರೂ ತಮ್ಮ ಚೀಲ ಆ ಕಡೆ ಕೈಗೆ ತಗೋತಾರ. ನಾ ಯಾರ ಚೀಲಾನೂ ಕಸಿದಾಕಿ ಅಲ್ರಿ. ಮನಿ ಪಡಸಾಲ್ಯಾಗ ನಾಕು ಮಷಿನ್ ಇಟ್ಕೊಂಡು ಹುಡುಗ್ಯಾರಿಗೆ ಹೊಲಿಗಿ ಕಲಿಸಿದಾಕಿ.

ತೊಂಬತ್ತರ ದಶಕದ ಸುರುವಿನ ಮಾತು. ಹವ್ಯಾಸಿ ನಾಟಕದಾಗ ನನ್ನ ಪಾರ್ಟು ನೋಡಿದವರೊಬ್ರು ಬೆಂಗಳೂರಿನ ಒಂದು ಧಾರಾವಾಹಿಗೆ ಕರದ್ರು. ವಾರಕ್ಕೊಮ್ಮೆ ಸಂಜೀಕ ಬರ್ತಿತ್ತು. ಆಗ ಇದ್ದದ್ದ ಒಂದು ಚಾನೆಲ್, ಅದು ಬಿಟ್ರ ಜನಕ್ಕ ಬ್ಯಾರೆ ಗತಿ ಇದ್ದಿಲ್ಲ. ಕತಿಯೊಳಗ ಒಂದು ದೊಡ್ಡ ಮನಿ, ಇಬ್ಬರು ಸೊಸ್ತ್ಯಾರು. ಹಿರೇ ಸೊಸಿ ನಾನು, ಕೆಟ್ಟಾಕಿ. ಸಣ್ಣ ಸೊಸಿ ಆದಾಕಿ ರಾಣೆಬೆನ್ನೂರಾಕಿ, ಆಕಿ ಗಂಡಂದು ಅಲ್ಲೆ ಬೀಜದ ಅಂಗಡಿ. ಆಕಿ ಪಾರ್ಟು ಬರೇ ಅಳೂದು. ಅಣ್ಣತಮ್ಮರ ಹೆಂಡ್ರು ಅಂದ್ರ ಒಬ್ಬರಿಗೊಬ್ಬರು ನೆಗೆಣ್ಣ್ಯಾರಲ್ಲ, ಹಂಗಾಗಿ ಕ್ಯಾಮೆರಾ ಬಂದ್ ಆದ ಮ್ಯಾಲೂ ನಾವು ನೆಗೆಣ್ಣಿ, ನೆಗೆಣ್ಣಿ ಅಂತನ ಕರಕೋತಿದ್ವಿ. ಇಲ್ಲೂ ಆಕಿನ್ನ ಹಂಗ ಕರೀತೇನಿ.

ಜನ ಮಾತ್ರ ನಮ್ಮನ್ನ ಹಾವು ಮುಂಗುಸಿ ಅಂತ ತಿಳಕೊಂಡಿದ್ರು. ಅದರಿಂದ ಆದ ಫಜೀತಿ ಒಂದೆರಡಲ್ಲ. ಉಳಿದದ್ದೆಲ್ಲ ನಕ್ಕು ಬಿಟ್ಟೆ. ಆದ್ರ ಇದರ ಸಲುವಾಗಿ ನನ್ನ ತಮ್ಮನ ಲಗ್ನನ ಮುರಿಯಾಕ ಬಂದಿತ್ತು. ಅದನ್ನ ಉಳಿಸಿದಾಕಿ ಈ ನೆಗೆಣ್ಣಿ. ಆಕಿ ಉಪಕಾರ ಇನ್ನೂ ನನ್ನ ತಲಿ ಮ್ಯಾಲೆ ಐತಿ. ಅದಕ್ಕ ಇದನ್ನೆಲ್ಲ ಹೇಳಾಕತ್ತೇನಿ.

ಪಂಕ್ತಿಗೆಲ್ಲ ಬಿ.ಪಿ.

ಆ ವಾರದ ಕಂತಿನ್ಯಾಗ, ಸಣ್ಣ ಸೊಸಿ ಹಿತ್ತಲಕ್ಕ ಹೋದಾಗ, ಆಕಿ ಮಾಡಿಟ್ಟ ಸಾರಿಗೆ ನಾ ಒಂದು ಬೊಗಸಿ ಉಪ್ಪು ಸುರುವಿದ್ದೆ. ಅದಾಗಿ ಎರಡು ದಿನಕ್ಕ ನಮ್ಮ ಓಣ್ಯಾಗ ಒಂದು ಕುಬಸದ ಊಟ. ಬಸುರಿ ಹುಡುಗಿ ನನ್ನ ಹತ್ರನ ಹೊಲಿಗಿ ಕಲ್ತಾಕಿ. ಬಡಸಾಕ ಕೈ ಹಚ್ಚೋಣು ಅಂತ ಸೆರಗು ಸಿಗಿಸಿ, ಮೊದಲು ಉಪ್ಪಿನ ತಾಟು ಹಿಡಕೊಂಡು ಹೊಂಟೆ.

ಮೊದಲನೇ ಎಲಿ ಮುಂದ ಕುಂತ ಹಿರ್ಯಾರು ಎಲಿಗೆ ಕೈ ಅಡ್ಡ ಹಿಡಿದ್ರು. “ಬ್ಯಾಡ್ರಿ ಬಾಯಾರ, ನನಗ ಬಿ.ಪಿ. ಐತಿ.”

ಇರ್ಲಿ ಅಂತ ಮುಂದ ಹೋದೆ. ಎರಡನೇ ಎಲಿಯವರಿಗೂ ಬಿ.ಪಿ. ಮೂರನೇ ಎಲಿ ಹೆಣ್ಮಗಳು ಕೈ ಅಷ್ಟ ಅಲ್ಲ, ಸೆರಗೂ ಹೊಚ್ಚಿ ಎಲಿ ಮುಚ್ಚಿದ್ಲು. ಹಿಂಗ ಸಾಲು ಮುಗಿಸಿ ಕಡೀ ಎಲಿಗೆ ಬಂದ್ರ, ಅಲ್ಲೆ ಕರ್ಜಗಿಯಿಂದ ಬಂದಿದ್ದ ಒಬ್ಬ ಪೈಲ್ವಾನ ಕುಂತಿದ್ದ. ತುಂಬು ಹರೇದಾಂವ, ಮುಂಜಾನೆದ್ದು ದಂಡ ಹೊಡದು ಒಂದು ಚರಗಿ ಹಾಲು ಕುಡಿಯಾಂವ. ಎರಡೂ ಕೈಲೆ ಎಲಿ ಮುಚ್ಚಿ, ತಲಿ ತಗ್ಗಿಸಿ ಅಂದ, “ನಮ್ಮ ಮನ್ಯಾಗ ಎಲ್ಲಾರಿಗೂ ಐತ್ರಿ ಅಕ್ಕಾರ.”

ನಾ ತಾಟು ಇಟ್ಟು ಬಂದೆ. ಅದ ತಾಟು ಮನಿ ಅಜ್ಜಿ ತಗೊಂಡು ಹೋದ್ಲು. ನೋಡ್ತಾ ನೋಡ್ತಾ ಇಡೀ ಪಂಕ್ತಿ ಬಿ.ಪಿ. ಆರಾಮಾತು.

ಬಿಗಿ ಜಂಪರ್

ಒಬ್ಬ ಗಿರಾಕಿ ಇದ್ರು, ವರ್ಷಾನುಗಟ್ಟಲೆ ನನ್ನ ಕಡೇನ ಜಂಪರ್ ಹೊಲಿಸಾವ್ರು. ಅಳತಿ ತಗೋಳ್ರಿ ಅಂದ್ರ, “ಹಳೇ ಅಳತಿ ಐತೆಲ್ಲ” ಅಂತ ಖಣ ಒಗದು ಹೋಗಾವ್ರು. ನಡುವ ಅವರ ಮಗಳ ಬಾಣಂತನ ಆತು. ಮಗಳ ಜೋಡಿ ಇವರೂ ಬಾಣಂತಿ ಊಟ ಉಂಡಿದ್ರು ಅಂತ ಕಾಣ್ತೈತಿ, ಹೊಸಾ ಜಂಪರ್ ತೋಳಿಗೇ ಏರಲಿಲ್ಲ.

ಅದನ್ನ ತಂದು ನನ್ನ ಮಷಿನ್ ಮ್ಯಾಲೆ ಇಟ್ರು. “ಟೀವಿಯೊಳಗ ಆ ಹುಡುಗಿಗೆ ಉಸಿರಾಡಾಕ ಬಿಡೂದಿಲ್ಲ. ಈಗ ನನಗೂ ಬಿಡೂದಿಲ್ಲೇನು?”

ವಾದ ಮಾಡಿ ಉಪಯೋಗ ಇಲ್ಲ. ಒಳಗ ಬಟ್ಟಿ ಬಿಟ್ಟೇ ಹೊಲಿದಿದ್ದೆ, ಅಲ್ಲೆ ನಿಂತಾಗನ ಎರಡೂ ಬಾಜೂ ಬಿಚ್ಚಿ ಸಡಿಲ ಮಾಡಿ ಕೊಟ್ಟೆ. ಹಾಕ್ಕೊಂಡು ಕನ್ನಡಿ ಮುಂದ ಒಂದು ಸುತ್ತು ಹೊಡದ್ರು, ಸಮಾಧಾನ ಆತು. ಹೋಗೂ ಮುಂದ ನನ್ನ ಭುಜ ತಟ್ಟಿ ಹೇಳಿದ್ರು, “ನೋಡ್ರಿ, ಮನಸ್ಸು ಮಾಡಿದ್ರ ನಿಮಗೂ ಒಳ್ಳ್ಯಾಕಿ ಆಗಾಕ ಬರ್ತೈತಿ.”

ಕಿಟಕಿ ಸೀಟು

ಶೂಟಿಂಗಿಗೆ ರೈಲಿನ್ಯಾಗ ಹೋಗ್ತಿದ್ವಿ. ನಾ ಹಾವೇರ್ಯಾಗ ಹತ್ತಿ ಕಿಟಕಿ ಕಡೆ ಕುಂತು, ಬಾಜೂಕ ಟಾವೆಲ್ ಹಾಸಿ ನೆಗೆಣ್ಣಿಗೆ ಜಾಗ ಹಿಡೀತಿದ್ದೆ. ನಡುವ ಬ್ಯಾಡಗಿ ಬರ್ತೈತಿ. ಅಲ್ಲಿ ಹತ್ತಿದ ಮಂದಿಗೆಲ್ಲ ಬರ್ತಾರ್ರಿ, ಬರ್ತಾರ್ರಿ ಅಂತ ಹೇಳಿ ಹೇಳಿ ರಾಣೆಬೆನ್ನೂರು ಬರೂತನಕ ನನ್ನ ಗಂಟಲು ಒಣಗ್ತಿತ್ತು.

ಒಂದ್ಸಲ ಗದ್ದಲ ಭಾಳಿತ್ತು. ರಾಣೆಬೆನ್ನೂರಾಗ ನೆಗೆಣ್ಣಿ ಹತ್ತಿದ್ಲು. ಬಾಗಲದಾಗ ನಿಂತಿದ್ದ ಒಬ್ಬ ಅಜ್ಜಿ ಆಕಿನ್ನ ಗುರ್ತು ಹಿಡಿದ್ಲು. ಆಮ್ಯಾಲೆ ನನ್ನ ನೋಡಿದ್ಲು. ಆಮ್ಯಾಲೆ ಟಾವೆಲ್ ನೋಡಿದ್ಲು.

“ಅಯ್ಯಯ್ಯ, ಇಲ್ಲೂ ಆಕಿಗೆ ಕುಂದ್ರಾಕ ಕೊಡವೊಲ್ಲೇನು? ಇಡೀ ಮನಿ ನುಂಗಿದ್ದು ಸಾಲಲಿಲ್ಲ, ರೈಲೂ ಬೇಕಾತು?”

“ಅಜ್ಜಿ, ಆಕಿ ಸಲುವಾಗಿನ ಜಾಗ ಹಿಡಿದೇನಿ,” ಅಂದೆ.

“ಹೂಂ, ನಂಬಿದೆ. ಏಳು.”

ಮಂದೀನೂ ಅಜ್ಜಿ ಕಡೇನ. ಏಳ್ರಿ, ಏಳ್ರಿ ಅಂದ್ರು, ಎದ್ದೆ. ಕಿಟಕಿ ಹತ್ರ ನೆಗೆಣ್ಣಿ ಕುಂತ್ಲು, ಟಾವೆಲ್ ಮ್ಯಾಲೆ ಅಜ್ಜಿ ಕುಂತ್ಲು. ನೆಗೆಣ್ಣಿ ಏನರ ಅಂದಾಳು ಅಂತ ನಾ ಕಾದೆ. ಆಕಿ ಸೆರಗಿಲೆ ಕಣ್ಣು ಒರಸಿಕೊಂಡು, ಸಣ್ಣ ಸೊಸಿ ದನಿ ತಗದು, “ಇರ್ಲಿ ಬಿಡ್ರಿ ಅಜ್ಜಿ, ನನ್ನ ಹಣೇಬರ,” ಅಂದ್ಲು.

ದಾವಣಗೆರಿತನಕ ನಿಂತು ಹೋದೆ. ಅಜ್ಜಿ ಇಳಿದ ಮ್ಯಾಲೆ, “ಒಂದು ಖರೇ ಮಾತು ಹೇಳಾಕ ನಿನಗೇನು ಧಾಡಿ ಆಗಿತ್ತು?” ಅಂತ ಬೈದೆ.

“ಹೇಳಿದ್ರ ಅಜ್ಜಿ ಮನಸ್ಸು ನೋಯ್ತಿತ್ತು,” ಅಂದ್ಲು. “ನಿಂದು ಬರೇ ಕಾಲು.”

ಖರೇ ಜಗಳ

ಹಂಗಂತ ನಮ್ಮ ನಡುವ ಏನೂ ಇದ್ದಿಲ್ಲ ಅಂದ್ರ ಸುಳ್ಳಾದೀತು. ನನಗ ಆಕಿ ಉಡಿ ಮ್ಯಾಲೆ ಹೊಟ್ಟಿಕಿಚ್ಚು, ಆಕಿಗೆ ನನ್ನ ಪಾರ್ಟಿನ ಮ್ಯಾಲೆ.

ಮನಿಗೆ ಬಂದ ಹೆಣ್ಮಗಳ ಸೆರಗಿನ್ಯಾಗ ಅಕ್ಕಿ, ಕೊಬ್ರಿ, ಉತ್ತತ್ತಿ, ಖಣ ಹಾಕಿ ಉಡಿ ತುಂಬಿ ಕಳಸೂದು ನಮ್ಮ ಕಡೆ ರೂಢಿ. ರಾಣೆಬೆನ್ನೂರಾಗ ಆಕಿ ಯಾರ ಮನಿಗೆ ಹೋದ್ರೂ ಉಡಿ ತುಂಬಿಸಿಕೊಂಡನ ಬರ್ತಿದ್ಲು. ಆ ಖಣ ಹೊಲಿಯೂದು ಮಾತ್ರ ನಾನು. ಧಾರಾವಾಹಿ ಸುರು ಆದ ಮ್ಯಾಲೆ ನನ್ನ ಸೆರಗಿಗೆ ಒಂದು ಕಾಳು ಅಕ್ಕಿ ಬಿದ್ದಿದ್ದಿಲ್ಲ. ಇಬ್ಬರೂ ಕೂಡೇ ಹೋದ ಮನ್ಯಾಗ ಆಕಿಗೆ ಉಡಿ ತುಂಬಿ, ನನಗ ಚಪ್ಪಲಿ ಇಟ್ಟ ಜಾಗ ತೋರಿಸಿದ್ರು. ನಕ್ಕೆ ಖರೇ, ಒಳಗ ಚುರ್ ಅಂತಿತ್ತು.

ಆಕಿಗೋ ಅತ್ತು ಅತ್ತು ಸಾಕಾಗಿತ್ತು. “ನಿನಗ ಪುಟಗಟ್ಟಲೆ ಮಾತು. ನನಗ ‘ಅಕ್ಕಾ’ ಅನ್ನೂದೊಂದ. ಯಾರಿಗರ ಬೈಬೇಕು ಅಂತ ನನಗೂ ಆಸೆ ಇರ್ತೈತಿಲ್ಲೋ?” ಅಂತಿದ್ಲು. ಒಂದಿನ ಧೈರ್ಯ ಮಾಡಿ ಡೈರೆಕ್ಟರಿಗೆ ಕೇಳೇ ಬಿಟ್ಲು, ಒಂದು ಕಂತಿನ್ಯಾಗರ ನಾ ಕೆಟ್ಟಾಕಿ ಆಗ್ತೇನ್ರಿ ಅಂತ.

ಅವರು ಬೆಂಗಳೂರಿನವರು, ನಕ್ಕುಬಿಟ್ರು. “ನಿಮ್ಮ ಮುಖಕ್ಕೆ ಕೆಟ್ಟತನ ಹೊಂದಲ್ಲಮ್ಮ. ಅದೆಲ್ಲ ಇವರಿಗೆ ಹುಟ್ಟಿನಿಂದಲೇ ಬಂದಿದೆ,” ಅಂತ ನನ್ನ ಕಡೆ ಬೊಟ್ಟು ಮಾಡಿದ್ರು.

ಎರಡು ದಿನ ನಾವಿಬ್ಬರೂ ಅವರ ಜೋಡಿ ಮಾತು ಬಿಟ್ವಿ. ಕೆಟ್ಟತನ ಬರೂದಿಲ್ಲ ಅಂದ್ರಲ್ಲ ಅಂತ ಆಕಿಗೆ ಸಿಟ್ಟು. ಬರ್ತೈತಿ ಅಂದ್ರಲ್ಲ ಅಂತ ನನಗ ಸಿಟ್ಟು.

ಬ್ಯಾಡಗಿ ಬೀಗರು

ನನ್ನ ತಮ್ಮ ಗುತ್ತಲದ ಸಾಲ್ಯಾಗ ಮಾಸ್ತರ. ಬ್ಯಾಡಗ್ಯಾಗ ಒಂದು ಹುಡುಗೀನ್ನ ನೋಡಿ ಬಂದಿದ್ದ, ಹುಡುಗಿ ತಂದಿ ಮೆಣಸಿನಕಾಯಿ ದಲಾಲರು. ಹುಡುಗ ಒಪ್ಪಿದ, ಹುಡುಗಿ ಒಪ್ಪಿದ್ಲು, ಜಾತಕಾನೂ ಕೂಡಿತು. ಅವ್ವ ಅಪ್ಪ ಇಲ್ಲದ ತಮ್ಮ, ಅವನ ಕಡೆ ಹಿರ್ಯಾಕಿ ಅಂದ್ರ ನಾನ. ಅದ ಕಂಟಕ ಆತು. ಹುಡುಗಿ ತಾಯಿ ಖಡಕ್ ಹೇಳಿ ಕಳಿಸಿದ್ರು, “ಹುಡುಗ ಬಂಗಾರದಂಥಾಂವ. ಆದ್ರ ಆ ನಾದಿನಿ ಇರೋ ಮನಿಗೆ ಮಗಳ್ನ ಕೊಡಾಕ ನನಗೇನು ಹುಚ್ಚು ಹಿಡದೈತೇನು?”

ತಮ್ಮ ನನಗ ಒಂದು ಮಾತು ಅನ್ನಲಿಲ್ಲ. ರವಿವಾರ ಬಂದು ಅರ್ಧ ರೊಟ್ಟಿ ತಿಂದು, “ನೀ ಏನೂ ಮನಸ್ಸಿಗೆ ಹಚ್ಕೋಬ್ಯಾಡಕ್ಕ,” ಅಂತ ಎದ್ದು ಹೋದ. ಬೈದಿದ್ರ ತಡಕೋತಿದ್ದೆ. ಇದನ್ನ ತಡಕೊಳ್ಳಾಕ ಆಗಲಿಲ್ಲ. ಧಾರಾವಾಹಿನ ಬಿಟ್ಟುಬಿಡ್ತೇನಿ ಅಂತ ನೆಗೆಣ್ಣಿ ಮುಂದ ಹೇಳಿದೆ.

“ಬಿಟ್ರ ಮಂದಿ ಮರೀತಾರೇನು? ತಡಿ, ನಾ ಹೋಗಿ ಹೇಳ್ತೇನಿ,” ಅಂದು ಆಕಿ ಒಬ್ಬಾಕಿನ ಬ್ಯಾಡಗಿಗೆ ಹೋದ್ಲು. ಸಣ್ಣ ಸೊಸಿ ಬಂದಾಳಂತ ಓಣಿಗೆ ಓಣಿನ ಕೂಡಿತಂತ. ಆಕಿ ನನ್ನ ಒಂದೊಂದು ಗುಣ ಹೇಳಿದಂಗ ಹುಡುಗಿ ತಾಯಿ ಕಣ್ಣಾಗ ನೀರು ತಂದ್ರಂತ. “ಎಂಥಾ ದೊಡ್ಡ ಮನಸ್ಸವ್ವ ನಿಂದು. ಅಷ್ಟು ಕಾಡಿದ್ರೂ ಆಕಿ ಪರಾನ ಮಾತಾಡ್ತೀಯಲ್ಲ,” ಅಂದು ಉಡಿ ತುಂಬಿ ಕಳಿಸಿದ್ರು. ಮಗಳ್ನ ಮಾತ್ರ ಕೊಡೂದಿಲ್ಲ ಅಂದ್ರು. ನಾ ಒಳ್ಳ್ಯಾಕಿ ಅಂತ ಆಕಿ ಹೇಳಿದಷ್ಟೂ ಆಕೀನ ಒಳ್ಳ್ಯಾಕಿ ಆದ್ಲು.

ಮುಂದಿನ ವಾರ ಆಕೀನ ನಮ್ಮ ಮನಿಗೆ ಬಂದ್ಲು. “ಏಳು, ಇಬ್ಬರೂ ಬ್ಯಾಡಗಿಗೆ ಹೋಗೋಣು. ಏನರ ಆಗ್ಲಿ, ನೀ ಬಾಯಿ ತಗೀಬ್ಯಾಡ.” ಯಾಕ ಅಂದ್ರ ಹೇಳವೊಲ್ಲಳು.

ಹೋದ್ವಿ. ಬೀಗರ ಅಂಗಳದ ತುಂಬ ಮೆಣಸಿನಕಾಯಿ ಹರವಿದ್ರು. ಹುಡುಗಿ ತಾಯಿ ಆಕಿಗೆ ನಕ್ಕೋತ, ನನಗ ಮಾರಿ ಗಂಟು ಹಾಕಿ ಚಾ ಕೊಟ್ರು. ನೆಗೆಣ್ಣಿ ಒಂದು ಗುಟುಕು ಕುಡದು ಕಪ್ಪು ಕೆಳಗ ಕುಕ್ಕಿದ್ಲು.

“ನಿಮ್ಮ ಬ್ಯಾಡಗ್ಯಾಗ ಇದಕ್ಕ ಚಾ ಅಂತಾರೇನು?”

ನಾ ಗಾಬರಿಯಾಗಿ ನೋಡಿದ್ರ ಆಕೀದು ಒಂದು ಹುಬ್ಬು ಮ್ಯಾಲೆ, ತುಟಿ ಸೊಟ್ಟ. ಅದು ನಂದ ಮಾರಿ, ಹಿರೇ ಸೊಸಿ ಮಾರಿ. ಹುಡುಗಿ ತಾಯಿ ಸಕ್ರಿ ತರಾಕ ಎದ್ರು. “ಸಕ್ರಿ ಇರ್ಲಿ, ಮೊದಲು ಈ ಕಪ್ಪು ತೊಳಕೊಂಡು ಬರ್ರಿ,” ಅಂದು, ಆಕಿ ನನ್ನ ಕಡೆ ಹೊಳ್ಳಿದ್ಲು. “ಮತ್ತ ಈಕಿ ಅಂದ್ರ ನಿಮಗ ಅಂಜಿಕಿ ಅಂತಲ್ಲ? ಟೀವಿಯೊಳಗ ಅಷ್ಟ ಈಕಿ ಜೋರು. ಹೊರಗ ನಾ ಕುಂದ್ರಂದ್ರ ಕುಂದ್ರತಾಳ, ಏಳಂದ್ರ ಏಳ್ತಾಳ. ನನ್ನ ಚೀಲ ಹೊರಾಕಿ ಈಕಿ.” ತನ್ನ ಚೀಲ ನನ್ನ ಉಡ್ಯಾಗ ಒಗದ್ಲು. “ಹಿಡಿ.”

ಹಿಡಕೊಂಡೆ. ಅಷ್ಟೊತ್ತಿಗೆ ಅಂಗಳದ ಘಾಟು ನನ್ನ ಮೂಗಿಗೆ ಏರಿತ್ತು. ಬಾಯಿ ತಗೀಬ್ಯಾಡ ಅಂದಾಳ, ಸೀನು ಹೆಂಗ ಸೀನಬೇಕು? ತುಟಿ ಬಿಗಿ ಹಿಡದು ಒಳಗ ನುಂಗಿದೆ. ಕಣ್ಣಾಗಿಂದ ಧಾರಾಕಾರ ಇಳೀತು.

ಹುಡುಗಿ ತಾಯಿ ಕೈಯಾಗಿನ ಕಪ್ಪು ಅಲ್ಲೆ ಇಟ್ಟು ನನ್ನ ರಟ್ಟಿ ಹಿಡದು ಅಡಗಿಮನಿಗೆ ಕರಕೊಂಡು ಹೋದ್ರು. ನೀರು ಕೊಟ್ಟು ಬೆನ್ನು ಸವರಿದ್ರು. “ಒಂದು ಮಾತು ಎದು‌ರಾಡಲಿಲ್ಲಲ್ರಿ ನೀವು. ಇಂಥಾಕಿ ಕೈಯಾಗ ಹೆಂಗ ದಿನಾ ತಗೀತೀರಿ? ನಾವು ಎಂಥಾ ತಪ್ಪು ತಿಳಕೊಂಡಿದ್ವಿ,” ಅಂತ ನನ್ನ ಉಡಿ ತುಂಬಿದ್ರು. ಎಷ್ಟೋ ದಿನದ ಮ್ಯಾಲೆ ನನ್ನ ಸೆರಗಿಗೆ ಅಕ್ಕಿ ಬಿತ್ತು. ಆಗ ಬಂದ ಕಣ್ಣೀರು ಮೆಣಸಿನಕಾಯಿದಲ್ಲ.

ನೆಗೆಣ್ಣಿಗೆ ಅವತ್ತು ಯಾರೂ ಕುಂಕುಮ ಸೈತ ಹಚ್ಚಲಿಲ್ಲ. ಸ್ಟೇಷನ್ ಹಾದ್ಯಾಗ ಹೊಟ್ಟಿ ಹಿಡಕೊಂಡು ನಕ್ಕು, “ಹೆಂಗ ಮಾಡಿದೆ?” ಅಂತ ಕೇಳಿದ್ಲು. “ನನಗಿಂತ ಛಲೋ ಮಾಡಿದಿ,” ಅಂದೆ. ಅದು ಬಾಯಿಮಾತಲ್ಲ, ಖರೇನ ಅಂದೆ.

ಆಕಿಗೆ ಅದು ಸುಮ್ಮನ ಹೋಗಲಿಲ್ಲ. ಹುಡುಗಿ ತಾಯಿಯ ತಂಗಿ ರಾಣೆಬೆನ್ನೂರಾಗನ ಇದ್ರು, ಸುದ್ದಿ ಹಬ್ಬಿತು. ಉಡಿ ತುಂಬೋ ಮನ್ಯಾವ್ರು ಆಕಿನ್ನ ಕಂಡ್ರ ಬಾಗಲ ಹಾಕ್ಕೊಳ್ಳಾಕತ್ತಿದ್ರು. ಆಕಿ ಇದನ್ನ ನನಗ ಹೇಳಲಿಲ್ಲ, ಆಕಿ ಗಂಡ ಹೇಳಿದ್ರು. ಒಡಹುಟ್ಟಿದವರು ಸೈತ ಇಷ್ಟು ಮಾಡೂದಿಲ್ಲ. ದೇವರು ನನಗ ಇಂಥಾ ಗೆಳತೀನ್ನ ಕೊಟ್ಟಾನಲ್ಲ, ಇನ್ನೇನು ಬೇಡಲಿ.

ಬ್ಯಾಡಗ್ಯಾಗನ ಲಗ್ನ ಆತು. ಮೊದಲನೇ ಕರಿಯೋಲೆ ನೆಗೆಣ್ಣಿಗೇ ಕೊಟ್ಟಿದ್ದೆ. ಬಂದಾಕಿ ಯಾರ ಕಣ್ಣಿಗೂ ಬೀಳಬಾರದಂತ ಹಿಂದಿನ ಸಾಲಿನ್ಯಾಗ ಕುಂತಿದ್ಲು. ಅಕ್ಕಿಕಾಳು ಬಿದ್ದ ಮ್ಯಾಲೆ ಹುಡುಗಿ ತಾಯಿ ನನ್ನ ಎರಡೂ ಕೈ ಹಿಡಕೊಂಡ್ರು. “ಅಷ್ಟೆಲ್ಲಾ ಅನಿಸಿಕೊಂಡ್ರೂ ಆಕಿನ್ನ ಲಗ್ನಕ್ಕ ಕರದೀರಲ್ಲ. ನಿಮ್ಮ ಮನಸ್ಸು ಎಷ್ಟು ದೊಡ್ಡದ್ರಿ.”

ನನಗ ತಡಿಯಾಕ ಆಗಲಿಲ್ಲ. ಲಗ್ನ ಅಂತೂ ಆಗಿತ್ತು, ಇನ್ನ ಮುರಿಯೂದು ಏನೂ ಉಳಿದಿಲ್ಲ ಅಂತ ಇದ್ದದ್ದೆಲ್ಲಾ ಹೇಳಿಬಿಟ್ಟೆ. “ಬೀಗತ್ಯಾರ, ಆಕಿ ಅವತ್ತು ಮಾಡಿದ್ದು ನಾಟಕರಿ. ನನ್ನ ತಮ್ಮನ ಲಗ್ನ ಆಗ್ಲಿ ಅಂತ ಬೇಕಂತನ ತನ್ನ ಹೆಸರು ಕೆಡಿಸಿಕೊಂಡ್ಲು. ಆಕಿ ಅಂಥಾಕಿ ಅಲ್ಲವೇ ಅಲ್ಲ.”

ಅವರು ಪೂರಾ ಕೇಳಿದ್ರು. ಕೇಳಿ, ನನ್ನ ಗಲ್ಲ ಮುಟ್ಟಿ ನಕ್ಕರು.

“ಸಾಕು ಬಿಡ್ರಿ, ಇನ್ನ ಎಷ್ಟಂತ ಆಕಿ ತಪ್ಪು ಮುಚ್ಚತೀರಿ? ವಾರಾ ವಾರಾ ತಪ್ಪದಂಗ ಟೀವಿ ನೋಡೋ ಮಂದಿ ನಾವು. ನಾಟಕ ಯಾವುದು, ಖರೇ ಯಾವುದು ಅನ್ನೂದು ನಮಗ ತಿಳಿಯೂದಿಲ್ಲೇನು?”